ಎರಡು ನಿಮಿಷಕ್ಕೆ ನಿಂತ ರಕ್ತ

ನನ್ನ ಸೈಕಲ್ ರಿಪೇರಿ ಅಂಗಡಿಗೂ ಅವನ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದೇ ಗೋಡೆ. ಮೂವತ್ತು ವರ್ಷದಿಂದ ಆ ಗೋಡೆ ದಾಟಿ ದಿನಕ್ಕೆ ನೂರು ಸಲ ನನ್ನ ಕಿವಿಗೆ ಬೀಳುವುದು ಒಂದೇ ಮಾತು: "ಅಲ್ಲಾಡಬೇಡಿ." ಹಾಗಾಗಿ ಬೀದಿಯವರು ಅವನನ್ನು ಕರೆಯುವುದೂ ಅಲ್ಲಾಡಬೇಡಣ್ಣ ಅಂತಲೇ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಕೆನ್ನೆಗೂ ಅವನ ಕತ್ತಿಯಿಂದ ಗೀರು ಬಿದ್ದಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಅವನನ್ನು ಹೊಗಳುವ ಕಷ್ಟ ಬೇರೆಯವರಿಗೆ ಯಾಕೆ, ಆ ಕೆಲಸವನ್ನು ದಿನಾ ಅವನೇ ಮಾಡಿಕೊಳ್ಳುತ್ತಾನೆ.

ಹೋದ ವರ್ಷ ಈ ಮಹಾಶಯನಿಗೆ ಹಾರ್ಟ್ ಅಟ್ಯಾಕ್ ಆಯಿತು. ಅದೂ ಒಬ್ಬರ ಗಡ್ಡ ಅರ್ಧ ಬೋಳಿಸಿದ್ದಾಗ. ಕುಸಿದು ಬೀಳುವ ಮೊದಲು ಕತ್ತಿಯನ್ನು ಮಡಚಿ ಪಕ್ಕಕ್ಕಿಟ್ಟಿದ್ದ, ಅಂಥ ಶಿಸ್ತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಿರಲಿ ಅಂತ ಎರಡು ಬಗೆಯ ಮಾತ್ರೆ ಕೊಟ್ಟರು. ಬಿಳಿಯದು ಸದ್ಯಕ್ಕೆ ನಿಲ್ಲಿಸುವಂತಿಲ್ಲ, ಗುಲಾಬಿ ಬಣ್ಣದ್ದು ಒಂದು ವರ್ಷ, ಎರಡನ್ನೂ ಒಂದು ದಿನವೂ ತಪ್ಪಿಸಬಾರದು ಅಂದರು ಡಾಕ್ಟರಮ್ಮ. ಅವನು ತಪ್ಪಿಸಲಿಲ್ಲ. ವರ್ಷ ತುಂಬಿ, "ಇನ್ನು ಗುಲಾಬಿ ಮಾತ್ರೆ ನಿಲ್ಲಿಸಿ" ಅಂದಾಗ ಮಾತ್ರ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

"ಅಲ್ಲಾ ಕಣೋ," ಅಂದ ನನ್ನ ಹತ್ತಿರ, "ಒಂದು ವರ್ಷ ತಪ್ಪಿಸಬೇಡ ಅಂದವರೂ ಅವರೇ, ಈಗ ಮುಟ್ಟಬೇಡ ಅನ್ನೋರೂ ಅವರೇ. ಯಾವ ಮಾತು ನಂಬ್ಲಿ?"

"ಎರಡನ್ನೂ ನಂಬು. ಓದಿದವರು ಅವರು, ನೀನಲ್ಲ."

ನನ್ನ ಮಾತು ಅವನು ಯಾವತ್ತು ಕೇಳಿದ್ದಾನೆ? ಅವನಿಗೆ ಅವನದೇ ಒಂದು ಪ್ರಯೋಗಾಲಯ ಇತ್ತು, ಅದು ಅವನ ಗದ್ದ. ಮಾತ್ರೆ ತೆಗೆದುಕೊಳ್ಳುತ್ತಿದ್ದ ವರ್ಷವಿಡೀ ವಾರಕ್ಕೊಮ್ಮೆ ಹೊಸ ಬ್ಲೇಡಿನಿಂದ ದವಡೆಯ ಕೆಳಗೆ ಸಾಸಿವೆ ಕಾಳಿನಷ್ಟು ಗೀರಿಕೊಂಡು, ಬೆನ್ನ ಹಿಂದಿನ ಗೋಡೆ ಗಡಿಯಾರವನ್ನು ಕನ್ನಡಿಯಲ್ಲಿ ತಿರುಗುಮುರುಗಾಗಿ ಓದುತ್ತಿದ್ದ. ರಕ್ತ ನಿಲ್ಲಲು ಏಳು ನಿಮಿಷ. "ನೀರಿನ ಹಾಗೆ ಹರೀತಿದೆ," ಅಂತ ಸಂತೋಷ. ಗುಲಾಬಿ ಮಾತ್ರೆ ಬಿಟ್ಟ ಎಂಟನೆಯ ದಿನ ಗೀರಿಕೊಂಡರೆ ಎರಡೇ ನಿಮಿಷಕ್ಕೆ ನಿಂತುಬಿಟ್ಟಿತು! ಬೇರೆಯವರು ಸದ್ಯ ನಿಂತಿತಲ್ಲ ಅಂತಾರೆ. ಇವನು ಒಳಗೆ ರಕ್ತ ಗಟ್ಟಿಯಾಗುತ್ತಿದೆ ಅಂತ ಬೆವೆತ. ಹಳೆಯ ಚೀಟಿ ತೋರಿಸಿ ಮತ್ತೆ ಮಾತ್ರೆ ತಂದು, ಖಾಲಿ ಪೌಡರ್ ಡಬ್ಬಿಯಲ್ಲಿ ಬಚ್ಚಿಟ್ಟು, ಯಾರಿಗೂ ಹೇಳದೆ ನುಂಗತೊಡಗಿದ. "ಗದ್ದಕ್ಕೇನಾಯ್ತೋ?" ಅಂದರೆ ಕೈ ತಾನಾಗಿ ಪೌಡರ್ ಡಬ್ಬಿಯ ಕಡೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಎರಡು ತಿಂಗಳು ಈ ಆಟ ನಡೆಯಿತು. ಒಂದು ಬೆಳಿಗ್ಗೆ ಶಾಲೆಯ ಡ್ರಿಲ್ ಮೇಷ್ಟ್ರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅಲ್ಲಾಡಬೇಡಣ್ಣನ ಮೂಗಿನಿಂದ ರಕ್ತ ಸುರಿದು ಅವರ ಕೊರಳಿನ ಬಿಳಿ ಬಟ್ಟೆಯ ಮೇಲೆ ಬಿತ್ತು. ಮೇಷ್ಟ್ರು ಕಣ್ಣು ಬಿಟ್ಟರು. ಎದೆ ತುಂಬ ರಕ್ತ, ಎದುರಿಗೆ ಕತ್ತಿ ಹಿಡಿದವನು. "ಕೊಯ್ದುಬಿಟ್ಟ!" ಅಂತ ಕೂಗಿ, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಬೀದಿಗೆ ಓಡಿದರು. ಮಕ್ಕಳಿಗೆ ಇಪ್ಪತ್ತು ವರ್ಷ ಓಟ ಕಲಿಸಿದವರು ಓಡಿದ್ದನ್ನು ನಾನು ನೋಡಿದ್ದು ಅವತ್ತೇ.

ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವನ ಹೆಂಡತಿ ಕೊರಳಲ್ಲಿ ಅಳತೆ ಟೇಪಿನೊಂದಿಗೇ ಓಡಿ ಬಂದಳು. ಮೂಗು ಒತ್ತಿ ಹಿಡಿದು ಕೂರಿಸಿದಳು. ಒರೆಸಲು ಬಟ್ಟೆ ಹುಡುಕುವಾಗ ಕೈ ತಗುಲಿ ಪೌಡರ್ ಡಬ್ಬಿ ಬಿತ್ತು. ಗುಲಾಬಿ ಬಣ್ಣದ ಮಾತ್ರೆಗಳು ನೆಲದ ಕೂದಲಿನ ನಡುವೆ ಉರುಳಿದವು. ಅವಳು ಬೈಯಲಿಲ್ಲ. ಅದು ಅವನಿಗೆ ಮೂಗಿನ ರಕ್ತಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ನಾವಿಬ್ಬರೂ ಅವನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆವು. ಅವರು ಎಲ್ಲ ಪರೀಕ್ಷೆ ಮಾಡಿ, ಗದ್ದದ ಮೇಲಿನ ಗೀರುಗಳನ್ನು ಎಣಿಸಿ, ನಗು ತಡೆದುಕೊಂಡರು.

"ಗದ್ದ ಕೊಯ್ದು ಸ್ಟೆಂಟ್ ನೋಡೋಕಾಗುತ್ತೇನ್ರೀ? ನಿಮ್ಮ ಹೃದಯ ಚೆನ್ನಾಗಿದೆ. ಈಗ ಎರಡೂ ಮಾತ್ರೆ ಸೇರಿದ್ರೆ ನಿಮಗೆ ಲಾಭಕ್ಕಿಂತ ಅಪಾಯನೇ ಜಾಸ್ತಿ. ಇವತ್ತು ಮೂಗು, ನಾಳೆ ಹೊಟ್ಟೆ ಒಳಗೇ ಆದ್ರೆ? ಬಿಳಿ ಮಾತ್ರೆ ಬಿಡಬೇಡಿ, ಗುಲಾಬಿ ಮುಟ್ಟಬೇಡಿ. ನಿಮ್ಮ ಕುರ್ಚೀಲಿ ಕೂತವರು ಕತ್ತಿ ಹೀಗೆ ಹಿಡಿ ಅಂತ ನಿಮಗೆ ಹೇಳಿಕೊಡ್ತಾರಾ?"

"ಇಲ್ಲ," ಅಂದ ಅವನು. ಆದರೆ ಕೈ ಜೇಬಿನ ಮೇಲೇ ಇತ್ತು. ನೆಲದಿಂದ ಅವನೇ ಆರಿಸಿ ತುಂಬಿಕೊಂಡಿದ್ದ ಮಾತ್ರೆಗಳ ಡಬ್ಬಿ ಅದರೊಳಗಿತ್ತು.

ಮೆಟ್ಟಿಲು ಇಳಿಯುವಾಗ ಹೆಂಡತಿ ಕೈ ಚಾಚಿದಳು. "ನೀವೇ ಕೊಡಿ. ನಾನು ಕಿತ್ಕೊಳ್ಳಲ್ಲ. ಕಿತ್ಕೊಂಡ್ರೆ ನಾಳೆ ಇನ್ನೊಂದು ತರ್ತೀರ."

ಅವನು ಮೆಟ್ಟಿಲ ಮೇಲೇ ಕೂತುಬಿಟ್ಟ. "ಅವತ್ತು ಬಿದ್ದಾಗ ನೀನು ರಸ್ತೆ ದಾಟಿ ಓಡಿ ಬರ್ತಿದ್ದೆ. ನೋಡ್ತಿದ್ದೆ, ಕೂಗೋಕೆ ಆಗ್ಲಿಲ್ಲ. ನೀನು ಬಂದು ಮುಟ್ಟೋದ್ರೊಳಗೆ ನಾನು ಇರಲ್ಲ ಅನ್ಸಿತ್ತು ಕಣೇ. ಈ ಮಾತ್ರೆ ಬಿಟ್ರೆ ಮತ್ತೆ ಹಾಗಾಗುತ್ತೆ ಅಂತ ಭಯ."

"ನಂಗೆ ಭಯ ಇಲ್ವಾ?" ಅಂದಳು ಅವಳು, ಅಷ್ಟೇ. ಆದರೂ ಡಬ್ಬಿ ಅವನ ಜೇಬಿನಲ್ಲೇ ಉಳಿಯಿತು. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಅಳುವೂ ಬಂತು.

ಮರುದಿನ ಬೆಳಿಗ್ಗೆ ಗಡ್ಡಕ್ಕೆ ಹೋಗಿ ಕೂತೆ. ನೊರೆ ಹಚ್ಚಿದ, ಹೊಸ ಬ್ಲೇಡ್ ಹಾಕಿದ, "ಅಲ್ಲಾಡಬೇಡ" ಅಂದ. ದವಡೆಯ ಕೆಳಗೆ ಚುರ್ ಅಂತು. ಕನ್ನಡಿಯಲ್ಲಿ ನೋಡಿದರೆ ರಕ್ತ! ಪಟಿಕ ಹಚ್ಚುವ ಬದಲು ಅವನು ಗಡಿಯಾರ ನೋಡುತ್ತ ನಿಂತಿದ್ದ.

"ನೀನು ಏನಾದ್ರೂ ಮಾತ್ರೆ ತಗೋತೀಯಾ?"

"ಇಲ್ಲ. ಯಾಕೆ?"

ಅವನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ರಕ್ತ ನಿಂತಿತು. ಅವನು ಉಸಿರು ಬಿಟ್ಟ. "ಎರಡೇ ನಿಮಿಷ ಕಣೋ. ನಂದೂ ಅಷ್ಟೇ ಇತ್ತು." ಬಾಗಿಲಿಗೆ ಹೋಗಿ ಎದುರು ಮನೆಯತ್ತ ಕೂಗಿದ. ಅವಳು ಬರುವಷ್ಟರಲ್ಲಿ ಡಬ್ಬಿ ಅವನ ಅಂಗೈಯಲ್ಲಿತ್ತು. ತಾನಾಗಿ ಅವಳ ಕೈಗಿಟ್ಟ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಾಪ, ಇಷ್ಟು ವರ್ಷದ ಹೆಸರಿಗೆ ಇವತ್ತು ಕಪ್ಪು ಚುಕ್ಕೆ ಬಿತ್ತಲ್ಲ ಅಂತ ಸಮಾಧಾನ ಹೇಳಿದೆ: "ಹೋಗ್ಲಿ ಬಿಡೋ, ಮೂವತ್ತು ವರ್ಷಕ್ಕೆ ಒಂದು ಸಲ ಕೈ ತಪ್ಪಿದ್ರೆ ಏನಾಯ್ತು?"

ಅವನ ಮುಖ ಕೆಂಪಾಯಿತು.

"ತಪ್ಪೋದಾ? ನನ್ನ ಕೈಯಾ?"