ಸೌಟಿಗೆ ಮೂರು ನಾಲಿಗೆ

ಭಾನುವಾರ ಮಧ್ಯಾಹ್ನ ಹಸಿದು ಹೋಟೆಲಿನಲ್ಲಿ ಕೂತವನ ಮುಂದೆ ಹಬೆಯಾಡುವ ತಟ್ಟೆ ಇಟ್ಟು, ತಾಳು, ಮೊದಲು ಉಪ್ಪು ಎಷ್ಟಿದೆ ಹೇಳು ಅನ್ನುವ ಸ್ನೇಹಿತ ಶತ್ರುವಿಗೂ ಬೇಡ. ನನಗೆ ಅಂಥವನೊಬ್ಬ ಗಂಟುಬಿದ್ದು ಎರಡು ವರ್ಷವಾಯಿತು. ನಾವು ಅವನನ್ನು ಸೌಟು ಎಂದು ಕರೆಯುತ್ತೇವೆ. ಬಟ್ಟೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ನಾನೂರು ಜನಕ್ಕೆ ಅಡುಗೆ ಮಾಡುವವನು. ಉದ್ದಕ್ಕೆ, ಸಣಕಲು, ತುದಿಯಲ್ಲಿ ದೊಡ್ಡದೊಂದು ತಲೆ. ಹೆಸರಿಟ್ಟವರದು ತಪ್ಪಿಲ್ಲ.

ಎರಡು ವರ್ಷದ ಹಿಂದೆ ಸೌಟಿಗೆ ಜ್ವರ ಬಂದು ಹತ್ತು ದಿನ ಮಲಗಿದ. ಎದ್ದವನಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಸೀದ ಅನ್ನವೂ ಒಂದೇ, ಬೆಣ್ಣೆ ಹಚ್ಚಿದ ಬ್ರೆಡ್ಡೂ ಒಂದೇ. ವಾಪಸು ಬರಬಹುದು, ಬರದೆಯೂ ಇರಬಹುದು ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಮ್ಯಾನೇಜರಿಗೆ ಗೊತ್ತಾದರೆ ಒಲೆಯ ಮುಂದಿನಿಂದ ಎಬ್ಬಿಸಿ ತರಕಾರಿ ಹೆಚ್ಚಲು ಕೂರಿಸುವುದು ಖಂಡಿತ. ಇಪ್ಪತ್ತಾರು ವರ್ಷ ಒಲೆ ಆಳಿದವನಿಗೆ ಅದಕ್ಕಿಂತ ಅವಮಾನ ಬೇರೆ ಬೇಕೆ? ಗುಟ್ಟು ಗೊತ್ತಿದ್ದದ್ದು ಮೂವರಿಗೆ ಮಾತ್ರ. ಒಬ್ಬ ಟೈಲರ್, ಒಬ್ಬ ಬಸ್ ಡ್ರೈವರ್, ಮತ್ತು ತಕ್ಕಡಿ ರಿಪೇರಿ ಮಾಡುವ ನಾನು.

ಹಳೆಯ ಅಡುಗೆಗಳನ್ನು ಕೈಯಳತೆಯ ಮೇಲೆ ಹೇಗೋ ನಿಭಾಯಿಸುತ್ತಿದ್ದ. ತೊಂದರೆ ಬಂದದ್ದು ಹೊಸದರಿಂದ. ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿದ್ದರು, ತಿಂಗಳಿಗೊಂದು ಹೊಸ ಅಡುಗೆ ಆಗಲೇಬೇಕೆಂದು ಮ್ಯಾನೇಜರು ಪಟ್ಟು ಹಿಡಿದಿದ್ದರು. ಹೀಗಾಗಿ ಪ್ರತಿ ಭಾನುವಾರ ನಮ್ಮನ್ನು ಒಂದೊಂದು ಹೋಟೆಲಿಗೆ ಎಳೆದುಕೊಂಡು ಹೋಗುವುದು, ನಮ್ಮ ನಾಲಿಗೆಯಿಂದ ರುಚಿ ತಿಳಿದುಕೊಳ್ಳುವುದು. ಅದಕ್ಕೊಂದು ಪದ್ಧತಿಯನ್ನೂ ಮಾಡಿದ. ಹುಳಿ ಟೈಲರಿನದು, ಖಾರ ಡ್ರೈವರಿನದು. ಗ್ರಾಂ ವ್ಯತ್ಯಾಸ ಹಿಡಿಯುವ ಕಸುಬಿನವನು ಎಂದು ಉಪ್ಪನ್ನು ನನಗೆ ವಹಿಸಿದ. ಒಂದರಿಂದ ಹತ್ತು. ಐದಕ್ಕೆ ಬಂದರೆ ಸರಿ.

ಈ ಪೀಕಲಾಟ ಅಷ್ಟಿಷ್ಟಲ್ಲ. ರೈಲ್ವೆ ಸ್ಟೇಷನ್ ಹಿಂದಿನ ನೂಡಲ್ಸ್ ಅಂಗಡಿಯ ಮುಂದೆ ಉರಿಬಿಸಿಲಿನಲ್ಲಿ ಒಂದೂವರೆ ಗಂಟೆ ಸಾಲು ನಿಂತಿದ್ದೇವೆ. ನೆಲಮಾಳಿಗೆಯ ಹೋಟೆಲೊಂದರಲ್ಲಿ ನೆಟ್ಟಗೆ ನಿಲ್ಲಲೂ ಆಗದೆ, ಸೊಂಟ ಬಗ್ಗಿಸಿಕೊಂಡೇ ಮೀನು ತಿಂದು ಬಂದಿದ್ದೇವೆ. ಹದಿನಾಲ್ಕನೆಯ ಮಹಡಿಯ ಮೇಲಿನ ಹೋಟೆಲಿನಲ್ಲಿ ಮೊರದಗಲದ ತಟ್ಟೆಯ ನಡುವೆ ಎರಡು ತುತ್ತು ಮಾಂಸ ಇಟ್ಟಿದ್ದರು, ಮೇಲೊಂದು ಎಲೆ. ಅದನ್ನೂ ನಾಲ್ಕು ಪಾಲು ಮಾಡಿ, ಎಲೆಯ ಹುಳಿ ಎಷ್ಟು ಎಂದು ಟೈಲರಿನ ಪ್ರಾಣ ತಿಂದ. ಡ್ರೈವರಿನ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೆ ಇವನು ಪಕ್ಕದಲ್ಲಿ ಕೂತು, ಉರಿ ಗಂಟಲಲ್ಲಿದೆಯೋ ತುದಿನಾಲಿಗೆಯಲ್ಲೋ ಎಂದು ಕೇಳುತ್ತಾನೆ. ಮನುಷ್ಯನಿಗೆ ತಲೆ ಕೆಡಬೇಕೋ ಬೇಡವೋ? ಬಿಸಿಯಾದದ್ದೇನನ್ನೂ ಬಿಸಿಯಾಗಿ ತಿಂದ ನೆನಪೇ ನನಗಿಲ್ಲ.

ಇದರ ಮಧ್ಯೆ ನನಗೆ ಬೀಪಿ ಎಂದಾಯಿತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು, ಮನೆಯವಳು ಉಪ್ಪಿನ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮೊದಲ ವಾರ ಜಗಳವಾಡಿದೆ, ಎರಡನೆಯ ವಾರ ಮುನಿಸಿಕೊಂಡೆ, ಆಮೇಲೆ ರೂಢಿಯಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊರಗೆ ಏನು ಬಾಯಿಗಿಟ್ಟರೂ ಉಪ್ಪು ಮುಖಕ್ಕೆ ಹೊಡೆಯುತ್ತಿತ್ತು. ಸೌಟು ಕೇಳಿದಾಗ ಆರು ಎಂದೆ, ಏಳು ಎಂದೆ. ಅವನು ತಲೆಯಾಡಿಸಿ ಮನಸ್ಸಿನಲ್ಲಿ ಬರೆದುಕೊಂಡ.

ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾವ ತಕ್ಕಡಿ ಅಂಗಡಿಗೆ ಬಂದರೂ ಮೊದಲು ಸರಿ ತೂಕದ ಬಟ್ಟು ಇಟ್ಟು ನೋಡುವವನು ನಾನು. ನನ್ನ ನಾಲಿಗೆಗೆ ಮಾತ್ರ ಬಟ್ಟು ಇಟ್ಟು ನೋಡಲಿಲ್ಲ. ರೋಗ ಬಂದಿದೆ ಎಂದು ಹೇಳಿಕೊಳ್ಳಲು ನಾಚಿಕೆ ಒಂದು. ಇನ್ನೊಂದು, ನನ್ನನ್ನು ಬಿಟ್ಟರೆ ಉಪ್ಪು ಆ ಟೈಲರಿನ ಪಾಲಾಗುತ್ತಿತ್ತು. ಮೊದಲೇ ಅವನ ಜಂಬ ಹೇಳತೀರದು. ಎರಡು ವರ್ಷ ಈ ಕೆಲಸವನ್ನು ಶಪಿಸಿಕೊಂಡೇ ಮಾಡಿದವನಿಗೆ ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ನೋಡಿ ನನ್ನ ಬುದ್ಧಿ.

ಕಳೆದ ತಿಂಗಳು ಕಾರ್ಖಾನೆಯ ಡೈರೆಕ್ಟರುಗಳು ಬುಧವಾರ ಕ್ಯಾಂಟೀನಿಗೇ ಊಟಕ್ಕೆ ಬರುವುದಾಯಿತು. ನೂಡಲ್ಸ್ ಹಾಕಿದ ಕುರಿಮಾಂಸದ ಸೂಪು ಮಾಡು ಎಂದು ಮ್ಯಾನೇಜರು ಸೌಟಿಗೆ ಹೇಳಿದರು. ಮಂಗಳವಾರ ಅವನು ಅದನ್ನು ಒಂದು ಡಬ್ಬಿಯಲ್ಲಿ ಅಂಗಡಿಗೆ ತಂದ. ನಾನು ಸ್ಪ್ರಿಂಗು, ಸ್ಕ್ರೂಗಳನ್ನು ಪಕ್ಕಕ್ಕೆ ಸರಿಸಿ ಒಂದು ಚಮಚ ಕುಡಿದು ಏಳು ಎಂದೆ. ನಿಜವಾಗಲೂ ಏಳಾ ಎಂದು ಅವನು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಿದಾಗ ನನಗೆ ರೇಗಿತು. ನಂಬಿಕೆ ಇಲ್ಲದಿದ್ದರೆ ಟೈಲರಿನ ಹತ್ತಿರ ಹೋಗು ಎಂದು ಗದರಿದೆ. ಡಬ್ಬಿ ಮುಚ್ಚಿಕೊಂಡು ಹೋದ.

ಮುಂದಿನದನ್ನು ಡ್ರೈವರು ಹೇಳಿದ. ಅವನ ಬಸ್ಸಿನಲ್ಲೇ ಆ ಕಾರ್ಖಾನೆಯವರು ಓಡಾಡುವುದು. ಬುಧವಾರ ಡೈರೆಕ್ಟರುಗಳು ಒಂದು ಚಮಚ ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಸೂಪಿಗೆ ಉಪ್ಪೇ ಇಲ್ಲ. ಮ್ಯಾನೇಜರು ಸೌಟನ್ನು ಕರೆಸಿ, ಎಲ್ಲರ ಎದುರಿಗೆ ನೀನೇ ಕುಡಿದು ಹೇಳಯ್ಯ ಎಂದರಂತೆ. ಅವನು ಕುಡಿದ. ಚಪ್ಪರಿಸಿದ. ಸರಿಯಾಗಿದೆಯಲ್ಲ ಸರ್ ಎಂದ. ಉಪ್ಪು ಮರೆತೆ ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದರು, ಈ ಒಂದು ಮಾತಿಗೆ ಎಲ್ಲ ಬಯಲಾಯಿತು. ಗುರುವಾರದಿಂದ ಅವನು ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾನೆ.

ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಮನೆಯವಳು ಕಾರಣ ಕೇಳಿದಳು, ಅವಳ ಮೇಲೂ ಹರಿಹಾಯ್ದೆ. ಇನ್ನು ಭಾನುವಾರದ ಕಾಟ ತಪ್ಪಿತು ಅಂದುಕೊಂಡರೆ, ಶನಿವಾರ ಸಂಜೆ ಎಂದಿನ ಹಾಗೆಯೇ ಸೌಟಿನ ಫೋನು ಬಂತು. ಕೋರ್ಟಿನ ಹಿಂದೆ ಹೊಸ ಹೋಟೆಲ್ ಆಗಿದೆ, ಹನ್ನೆರಡೂವರೆಗೆ ಬಾ, ತಡ ಮಾಡಬೇಡ ಎಂದು ಇಟ್ಟುಬಿಟ್ಟ.

ನಾಲ್ವರೂ ಕಿಟಕಿಯ ಪಕ್ಕ ಕೂತೆವು. ಸೌಟಿನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಆರ್ಡರು ಮಾಡಿದ್ದು ಬರುವ ಮೊದಲೇ ನಾನು ಹೇಳಿಬಿಟ್ಟೆ.

"ನನಗೆ ಬೀಪಿ ಕಣೋ. ಎರಡು ತಿಂಗಳಿಂದ ಮನೇಲಿ ಉಪ್ಪಿಲ್ಲ. ನನ್ನ ನಾಲಿಗೆ ಕೆಟ್ಟಿತ್ತು, ನನಗೆ ಗೊತ್ತಿತ್ತು, ಹೇಳಲಿಲ್ಲ."

ಟೈಲರು ನನ್ನ ಜನ್ಮ ಜಾಲಾಡಿದ. ಡ್ರೈವರು ಕಿಟಕಿಯಾಚೆ ನೋಡಿದ. ಸೌಟು ಮಾತ್ರ ಚಮಚವನ್ನು ತಿರುವಿ ಹಾಕುತ್ತ ಕೂತಿದ್ದ.

"ಹಾಕೋವಾಗಲೇ ಕಡಿಮೆ ಅಂತ ಕೈ ಹೇಳ್ತಿತ್ತು," ಎಂದ. "ನೀನು ಏಳು ಅಂದಿದ್ದೆ. ಕೈಯನ್ನ ಬಿಟ್ಟು ನಿನ್ನ ನಂಬಿದೆ."

ಅವನು ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ನಾನು ನನ್ನ ಹಾಳು ಅಭ್ಯಾಸದಂತೆ ರೇಗಿದೆ. ಹಾಗಾದರೆ ಬೈಯಬಾರದೇ? ಸುಮ್ಮನೆ ಕೂತು ಕೊಲ್ಲುವುದೇಕೆ? ಈರುಳ್ಳಿ ಹೆಚ್ಚುವುದಕ್ಕೆ ಉಪ್ಪು, ಹುಳಿ, ಖಾರದ ಲೆಕ್ಕ ಯಾಕೆ ಬೇಕು, ನಮ್ಮನ್ನು ಇಲ್ಲಿಗೆ ಯಾಕೆ ಕರೆಸಿದೆ ಎಂದೆ.

"ಅಡುಗೆ ಕಲಿಯೋಕೆ ಅಂತಲೇ ಶುರು ಮಾಡಿದ್ದು," ಎಂದ ಸೌಟು. "ಆದರೆ ಎರಡು ವರ್ಷದಲ್ಲಿ ನಾನು ಊಟ ಅಂತ ಮಾಡಿರೋದು ಭಾನುವಾರ ಮಾತ್ರ. ಮಿಕ್ಕ ದಿನ ಹೊಟ್ಟೆ ತುಂಬಿಸ್ಕೋತೀನಿ ಅಷ್ಟೆ. ನೀವು ಮೂವರು ಬೈಕೊಂಡು ಬೈಕೊಂಡು ಹೇಳ್ತಿರ್ತೀರಲ್ಲ, ಆಗ ಒಂಚೂರು ಬಾಯಿಗೆ ಬಂದ ಹಾಗಾಗುತ್ತೆ."

ಅಷ್ಟರಲ್ಲಿ ಸೂಪು ಬಂತು. ಸೌಟು ಬಟ್ಟಲನ್ನು ತಳ್ಳಿದ, ಟೈಲರಿನ ಮುಂದಕ್ಕಲ್ಲ, ನನ್ನ ಮುಂದಕ್ಕೆ. ಉಪ್ಪು ಬಿಡು, ಮಿಕ್ಕದ್ದು ಹೇಳು ಎಂದ.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹೊಟ್ಟೆ ತಾಳ ಹಾಕುತ್ತಿತ್ತು. ಒಂದು ಚಮಚ ಕುಡಿದೆ. ಬೆಣ್ಣೆ ಧಾರಾಳವಾಗಿದೆ, ಅಣಬೆ ಹಿತವಾಗಿ ಬೆಂದಿದೆ, ತಳದಲ್ಲೆಲ್ಲೋ ಬೆಳ್ಳುಳ್ಳಿ ಸೀದಿದೆ ಎಂದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಕಪ್ಪಗೆ ಸೀದಿದೆಯೋ, ಕೆಂಪಗೋ ಎಂದ, ಪುಣ್ಯಾತ್ಮ. ಸೂಪು ಆರುತ್ತಿತ್ತು. ಕೆಂಪಗೆ ಎಂದು ಹೇಳಿ, ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಚಮಚ ತೆಗೆದುಕೊಂಡೆ.