ಕಿಲಿಮಂಜಾರೋಗೆ ಹೊರಟಿದ್ದ ಕಾಲುಗಳು

"ರೀ, ನೆಲ ಮೆತ್ತಗಿದೆ ಅಲ್ವಾ?" ಎಂದಳು ವನಜ.

ವಿಕ್ಲೋ ಬೆಟ್ಟಗಳ ನಡುವೆ ನಿಂತಿದ್ದೆವು. ಐರ್ಲೆಂಡಿನ ಬೆಟ್ಟಗಳಲ್ಲಿ ನೆಲ ಮೆತ್ತಗಿರುವುದು ಹೊಸ ವಿಷಯವಲ್ಲ. ವರ್ಷವಿಡೀ ಮಳೆ ಕುಡಿದು ಉಬ್ಬಿದ ಜೌಗು. ಆದರೆ ಆ ಹೊತ್ತು ನಮ್ಮ ಕಾಲ ಕೆಳಗಿದ್ದದ್ದು ಬಂಡೆ. ನಾನು ಹಿಮ್ಮಡಿಯಿಂದ ಕುಟ್ಟಿ ನೋಡಿದೆ. ಕಲ್ಲೇ.

"ಹೊಸ ಬೂಟು. ಪಳಗೋವರೆಗೂ ಹಾಗೇ," ಎಂದೆ.

ಅವಳು ತಲೆಯಾಡಿಸಿ ನಡೆದಳು. ಬೂಟಿನ ವಿಷಯದಲ್ಲಿ ನಾನು ಪಂಡಿತ. ನಡೆಯುವುದೆಂದರೆ ನನಗೆ ಅಷ್ಟಕ್ಕಷ್ಟೆ, ಆದರೆ ನಡೆಯುವುದರ ಬಗ್ಗೆ ಓದುವುದೆಂದರೆ ಪ್ರಾಣ.

ಬರುವ ಜನವರಿಯಲ್ಲಿ ನಾವಿಬ್ಬರೂ ಆಫ್ರಿಕಾದ ಕಿಲಿಮಂಜಾರೋ ಹತ್ತುವುದೆಂದು ತೀರ್ಮಾನವಾಗಿತ್ತು. ಆಸೆ ಪೂರ್ತಿ ಅವಳದು. ಪ್ಲಾನಿಂಗ್ ನನ್ನದು, ಆಫೀಸಿನಲ್ಲೂ ನಾನು ಮಾಡುವುದು ಅದನ್ನೇ, ಬೇರೆಯವರು ಮಾಡಬೇಕಾದ ಕೆಲಸಕ್ಕೆ ವೇಳಾಪಟ್ಟಿ ಹಾಕುವುದು. "ಮದುವೆ, ವೀಸಾ, ಮನೆ, ಅದಿತಿಯ ಸ್ಕೂಲು, ಎಲ್ಲಾ ಬೇಕಾಗಿತ್ತು, ಮಾಡಿದ್ವಿ. ಇದೊಂದು ಮಾತ್ರ ಬೇಕಾಗಿಲ್ಲ ರೀ. ಅದಕ್ಕೇ ಮಾಡ್ಬೇಕು ಅನ್ನಿಸ್ತಿದೆ," ಎಂದಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ತನಗಾಗಿ ಅವಳು ಏನನ್ನಾದರೂ ಕೇಳಿದ್ದು ನನಗೆ ನೆನಪಿರಲಿಲ್ಲ. ಇಲ್ಲ ಎನ್ನಲು ನಾಲಗೆ ಏಳಲಿಲ್ಲ.

ಗೈಡ್ ಸಿಕ್ಕಿದ. ಬೆಟ್ಟದ ಬುಡದ ಮೋಶಿ ಊರಿನವನು, ಇಮ್ಯಾನುಯೆಲ್ ಎಂದು ಹೆಸರು. ಡಬ್ಲಿನ್ ಅಂಚಿನ ಕ್ಯಾಸಲ್‌ನಾಕ್‌ನ ನಮ್ಮ ಅಡುಗೆಮನೆಯಿಂದಲೇ ವಿಡಿಯೋ ಕಾಲ್ ಮಾಡಿ ಮಾತಾಡಿದೆವು. ಯಾವ ದಾರಿ, ಯಾವ ದಿನ ಎಷ್ಟು ಎತ್ತರ, ತೆಳು ಗಾಳಿಗೆ ಮೈ ಒಗ್ಗಲು ಎಲ್ಲಿ ತಂಗಬೇಕು ಎಲ್ಲವನ್ನೂ ಅವನು ಸಮಾಧಾನವಾಗಿ ಹೇಳಿದ. ನಾನು ಮುಖ್ಯವಾದ ಪ್ರಶ್ನೆ ಕೇಳಿದೆ: ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಊಟದ ಕಥೆ ಏನು? ಕಾಳು, ಎಲೆಕೋಸು, ಬಾಳೆಕಾಯಿ ಬೇಕಾದಷ್ಟಿದೆ ಎಂದ. ವನಜ ಪುಳಿಯೋಗರೆ ಗೊಜ್ಜು ತರಬಹುದೇ ಎಂದು ಕೇಳಿ, ಅದೇನೆಂದು ಅವನಿಗೆ ವಿವರಿಸಿದಳು. ತಂದರೆ ಅಡುಗೆಯವನಿಗೂ ಒಂದು ಪಾಲಿರಲಿ ಎಂದು ನಕ್ಕ.

ಬೆಟ್ಟದ ಹುಚ್ಚು ಹಿಡಿದ ಮೇಲೆ ವನಜ ಹಾಲು ಮೊಸರು ಬಿಟ್ಟಿದ್ದಳು. ಹಾಲಿನಿಂದ ಕಫ, ಕಫವಿದ್ದರೆ ಎತ್ತರದಲ್ಲಿ ಉಸಿರು ಕಷ್ಟ ಎಂದು ಯಾರೋ ಹೇಳಿದ್ದರು. ಕಾಫಿಗೆ ಓಟ್ ಮಿಲ್ಕ್ ಬಂತು. ಮೈಸೂರಿನ ಹೆಂಗಸು ಮೊಸರನ್ನ ಬಿಡುವುದೆಂದರೆ ಸಣ್ಣ ತಪಸ್ಸಲ್ಲ. ಹಾಗೆ ಎರಡು ವರ್ಷ ನಡೆಸಿದಳು.

ನಡುವೆ ಸುಸ್ತು ಶುರುವಾಗಿತ್ತು. ಮೆಟ್ಟಿಲು ಹತ್ತಿದರೆ ಎದೆ ಬಡಿತ, ಬಿಳಿಚಿಕೊಂಡ ಮುಖ. ಇಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಕಾಯಿಲೆ ತಾನೇ ವಾಸಿಯಾಗಿರುತ್ತದೆ ಎಂಬುದು ನಮ್ಮ ಕನ್ನಡದವರ ತಮಾಷೆ. ನಮ್ಮ ಆಸ್ಪತ್ರೆ ಇರುವುದು ಸೂಟ್‌ಕೇಸಿನಲ್ಲಿ. ಊರಿಂದ ಯಾರು ಬಂದರೂ ಚಟ್ನಿಪುಡಿಯ ಪಕ್ಕ ಒಂದು ಪೊಟ್ಟಣ ಮಾತ್ರೆ. ನನ್ನ ಅಮ್ಮ ಸೊಸೆಗೆಂದು ರಕ್ತ ಹೆಚ್ಚಿಸುವ ಮಾತ್ರೆ ಕಳಿಸಿದಳು: ಫೋಲಿಕ್ ಆಸಿಡ್, ಹಳದಿ ಬಣ್ಣದ ಪುಟ್ಟ ಗುಳಿಗೆ. ವನಜ ತಪ್ಪದೆ ನುಂಗಿದಳು. ಸುಸ್ತು ಇಳಿಯಿತು. ಕೆನ್ನೆಗೆ ಬಣ್ಣ ಬಂತು. ಅಮ್ಮ ಫೋನಿನಲ್ಲಿ ಮೀಸೆ ತಿರುವುವುದೊಂದು ಬಾಕಿ.

ಸುಸ್ತು ಹೋಯಿತು, ಕಾಲು ಮಾತ್ರ ಸರಿಹೋಗಲಿಲ್ಲ. ಮೊದಲು ಬೆರಳುಗಳಲ್ಲಿ ಜೋಮು. ಆಮೇಲೆ ಅಂಗಾಲಿನಲ್ಲಿ. ಮನೆಯೊಳಗೆ ಚಪ್ಪಲಿ ಕಾಲಿನಿಂದ ಜಾರಿ ಹೋಗಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅಡುಗೆಮನೆಯ ಕಪಾಟೊಂದರಲ್ಲಿ ನಮ್ಮ ದೇವರ ಮನೆ. ಬೆಳಿಗ್ಗೆ ಸ್ನಾನ ಮಾಡಿ, ಅದರ ಮುಂದೆ ಕೈಮುಗಿದು ಕಣ್ಣು ಮುಚ್ಚಿ ನಿಲ್ಲುವುದು ವನಜಳ ಅಭ್ಯಾಸ. ಹಾಗೆ ನಿಂತಾಗಲೆಲ್ಲ ಅವಳು ತೂಗಾಡತೊಡಗಿದಳು. ಹಿಂದಕ್ಕೆ, ಮುಂದಕ್ಕೆ, ಕಪಾಟಿನ ಬಾಗಿಲು ಹಿಡಿದು ನಿಲ್ಲುವಷ್ಟು.

"ಏನು ತಾಯಿ, ಮೈಮೇಲೆ ಬಂದ್ಯಾ? ನನ್ನ ಪ್ರಮೋಷನ್ ಯಾವಾಗ ಹೇಳು," ಎಂದು ಕೈಮುಗಿದೆ.

ಅವಳು ನಕ್ಕಳು. ಹದಿನಾರರ ಅದಿತಿಯೂ ಸೀರಿಯಲ್ ತಿನ್ನುತ್ತ ನಕ್ಕಳು. ಇಲ್ಲೇ ಹುಟ್ಟಿದವಳು, ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದು ಶನಿವಾರ ಬೆಳಿಗ್ಗೆ, ತಲೆಗೆ ಶಾಂಪೂ ಹಾಕಿಕೊಂಡು ಕಣ್ಣು ಮುಚ್ಚಿದ ವನಜ ಶವರಿನಲ್ಲಿ ಬಿದ್ದಳು.

ಜಾರಲಿಲ್ಲ. ತಲೆ ತಿರುಗಲಿಲ್ಲ. "ಕಾಲು ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ ರೀ," ಎಂದಳು. ಟವೆಲ್ ಸುತ್ತಿಕೊಂಡು, ನೊರೆ ಹಣೆಗಿಳಿಯುತ್ತಿದ್ದಂತೆ, ಮಗುವಿನ ಹಾಗೆ ತನ್ನ ಪಾದಗಳನ್ನೇ ನೋಡುತ್ತಾ ಕೂತಿದ್ದಳು. ನನಗೆ ಆಗ ಭಯವಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ.

ನಮ್ಮ ಬಡಾವಣೆಯ ಡಾಕ್ಟರು, ಇಲ್ಲಿನವರು ಜಿಪಿ ಎನ್ನುತ್ತಾರೆ, ಐವತ್ತು ದಾಟಿದ ಐರಿಷ್ ಹೆಂಗಸು. ಎಲ್ಲ ಕೇಳಿಸಿಕೊಂಡು ಎದ್ದು ಬಂದರು. ಎರಡೂ ಪಾದ ಜೋಡಿಸಿ ನಿಲ್ಲಲು ಹೇಳಿದರು. ವನಜ ನಿಂತಳು. ಈಗ ಕಣ್ಣು ಮುಚ್ಚಿ ಎಂದರು.

ಅವಳು ತೂಗಾಡಿದಳು. ಡಾಕ್ಟರು ಎರಡೂ ಕೈ ಚಾಚಿ ಹಿಡಿದುಕೊಂಡರು.

ದೇವರ ಕಪಾಟಿನ ಮುಂದೆ ದಿನವೂ ನಡೆಯುತ್ತಿದ್ದುದು ಇದೇ. ಅದು ವೈದ್ಯರು ಮಾಡಿಸುವ ಪರೀಕ್ಷೆ ಎಂದು ತಿಳಿಯದೆ ನಾವು ಮನೆಮಂದಿಯೆಲ್ಲ ನಕ್ಕಿದ್ದೆವು.

ಬ್ಲಡ್ ಟೆಸ್ಟ್ ಬಂತು. ಹಿಮೋಗ್ಲೋಬಿನ್ ಪರವಾಗಿಲ್ಲ. ವಿಟಮಿನ್ ಬಿ ಟ್ವೆಲ್ವ್ ಮಾತ್ರ ತಳ ಹಿಡಿದಿತ್ತು. ಜನ್ಮದಿಂದ ಸಸ್ಯಾಹಾರ, ಮೇಲೆ ಹಾಲು ಮೊಸರಿನ ತ್ಯಾಗ. ಹೊಟ್ಟೆಯೂ ಅದನ್ನು ಸರಿಯಾಗಿ ಹೀರಿಕೊಳ್ಳುತ್ತಿರಲಿಲ್ಲವಂತೆ. ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ಡಾಕ್ಟರು ಕೇಳಿದಾಗ ವನಜ ಬ್ಯಾಗಿನಿಂದ ಹಳದಿ ಗುಳಿಗೆಯ ಪಟ್ಟಿ ತೆಗೆದು ಹೆಮ್ಮೆಯಿಂದಲೇ ಕೊಟ್ಟಳು.

ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಈ ದೇಶದ ಮನೆಗಳಲ್ಲಿ ಗೋಡೆಗೆ ತೇವ ಹಿಡಿಯುವುದು ಗೊತ್ತಲ್ಲ, ಇದು ಅದರ ಮೇಲೆ ಬಳಿದ ಬಣ್ಣ ಎಂದರು. ಫೋಲಿಕ್ ಆಸಿಡ್ ರಕ್ತವನ್ನು ಸರಿಮಾಡಿತ್ತು. ನೋಡುವವರಿಗೆ ಎಲ್ಲ ಚೆನ್ನಾಗಿ ಕಂಡಿತ್ತು. ಒಳಗೆ, ಬಿ ಟ್ವೆಲ್ವ್ ಸಿಗದೆ, ಸ್ಪೈನಲ್ ಕಾರ್ಡಿನಲ್ಲಿ ನರಗಳು ತಮ್ಮ ಪಾಡಿಗೆ ಸವೆಯುತ್ತಿದ್ದವು.

ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಯುವಕ, ಮೆದು ಮಾತಿನವನು. ಪಾದ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ತಲುಪುತ್ತಿಲ್ಲ, ನೀವು ಈಗ ನಡೆಯುತ್ತಿರುವುದು ಕಣ್ಣಿನಿಂದ ಎಂದ. ಬೆಳಕಿರುವವರೆಗೆ ಸರಿ. ಕತ್ತಲಾದರೆ ನಿಮಗೆ ಕಾಲೇ ಇಲ್ಲದ ಹಾಗೆ.

"ಜನವರಿಯಲ್ಲಿ ಕಿಲಿಮಂಜಾರೋ ಇದೆ," ಎಂದಳು ವನಜ ಇಂಗ್ಲಿಷಿನಲ್ಲಿ. ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಇದೆ ಎನ್ನುವ ಹಾಗೆ.

ಅವನು ಪೆನ್ನು ಕೆಳಗಿಟ್ಟ. ಕೊನೆಗೆ ಶಿಖರ ಹತ್ತುವುದು ನಡುರಾತ್ರಿಯಲ್ಲಿ ಅಲ್ಲವೇ ಎಂದು ಕೇಳಿದ. ಹೌದು ಎಂದೆ. ಅದನ್ನು ಪ್ಲಾನ್ ಮಾಡಿದವನು ನಾನೇ. ಈ ಜನವರಿಗೆ ಸಾಧ್ಯವಿಲ್ಲ ಎಂದ. ಮುಂದೆ? ನರ ಎಷ್ಟು ಮರಳುತ್ತದೆ ಎಂದು ಯಾರೂ ಮಾತು ಕೊಡಲಾರರು, ಇಂಜೆಕ್ಷನ್ ಶುರುಮಾಡಿ ಕಾದು ನೋಡೋಣ ಎಂದ.

ಕಾರಿನಲ್ಲಿ ಅವಳು ಅಳಲಿಲ್ಲ. ನಾನು ಅತ್ತೆ. ಬೆಟ್ಟವೆಂದರೆ ಮೈಗಳ್ಳನಾದ ನಾನು, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಅವಳೇ ನನ್ನ ಬೆನ್ನು ಸವರಿದಳು.

ಆಮೇಲಿನದು ಇಂಜೆಕ್ಷನ್‌ಗಳ ಕಾಲ. ದಿನ ಬಿಟ್ಟು ದಿನ ನರ್ಸ್ ಹತ್ತಿರ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ. ಹಜಾರದಲ್ಲಿ ಹಗಲೂ ರಾತ್ರಿ ದೀಪ. ಬಾತ್‌ರೂಮಿಗೆ ಹಿಡಿ ಹಾಕಿಸಿದೆವು, ಶವರಿನಲ್ಲಿ ಸ್ಟೂಲ್ ಇಟ್ಟೆವು. ತಲೆಗೆ ನೀರು ಹಾಕುವ ಕೆಲಸ ಅದಿತಿ ವಹಿಸಿಕೊಂಡಳು. "ಮಮ್, ಕಣ್ಣು ಕ್ಲೋಸ್ ಮಾಡು, ಐ ಹ್ಯಾವ್ ಯೂ," ಎನ್ನುವ ಅವಳ ದನಿ ಬಾಗಿಲ ಹೊರಗೆ ನಿಂತ ನನಗೆ ಕೇಳುತ್ತಿತ್ತು. ಆ ಹುಡುಗಿಯ ಬಾಯಲ್ಲಿ ಅಷ್ಟು ಕನ್ನಡ ಕೇಳಿ ಬಹಳ ದಿನವಾಗಿತ್ತು. ಮೊಸರು ಮತ್ತೆ ಮನೆಗೆ ಬಂತು. ಮೊದಲ ದಿನದ ಮೊಸರನ್ನವನ್ನು ವನಜ ಕಣ್ಣರಳಿಸಿ ತಿಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ನಾನು ರೇಗಿಸಿದೆ.

ಭಾನುವಾರ ಅಮ್ಮನ ಫೋನ್. ಸ್ಪೀಕರಿನಲ್ಲಿ.

"ವನಜಾ, ಮಾತ್ರೆ ಇದೆಯೇನಮ್ಮಾ? ಪಕ್ಕದ ಮನೆಯವರು ಡಬ್ಲಿನ್‌ಗೆ ಬರ್ತಿದಾರೆ, ಇನ್ನೂ ನಾಲ್ಕು ಪಟ್ಟಿ ಕೊಟ್ಟು ಕಳಿಸ್ತೀನಿ."

ಅದಿತಿ ಬಾಯಿ ತೆರೆದಳು. "ಅಜ್ಜಿ, ಆಕ್ಚುಲಿ..."

ವನಜ ಅವಳ ತೊಡೆಯ ಮೇಲೆ ಕೈಯಿಟ್ಟಳು.

"ಬೇಡ ಅತ್ತೆ. ರಕ್ತ ಈಗ ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ರು. ಕಾಲಿಗೆ ಮಾತ್ರ ಇಂಜೆಕ್ಷನ್ ಕೊಡ್ತಿದಾರೆ. ನೀವು ಚಟ್ನಿಪುಡಿ ಕಳಿಸಿ, ಖಾಲಿಯಾಗಿದೆ."

"ನೋಡಿದ್ಯಾ, ನಾನು ಹೇಳಿರ್ಲಿಲ್ವಾ!" ಎಂದಳು ಅಮ್ಮ.

ಫೋನ್ ಇಟ್ಟ ಮೇಲೆ ಅದಿತಿ ತಾಯಿಯ ಮೇಲೆ ಹರಿಹಾಯ್ದಳು. ಯಾಕೆ ನಿಜ ಹೇಳಲಿಲ್ಲ? "ಎಪ್ಪತ್ತೆಂಟು ವರ್ಷ ಪುಟ್ಟಾ. ಬಿಸಿಲಲ್ಲಿ ಅಂಗಡಿಗೆ ನಡ್ಕೊಂಡು ಹೋಗಿ ತಂದಿದ್ದು. ಆ ನಡಿಗೆ ಅವರಿಗೆ ಭಾರ ಆಗ್ಬಾರ್ದು," ಎಂದಳು ವನಜ. ಹುಡುಗಿ ಅಮ್ಮನ ಭುಜಕ್ಕೊರಗಿದಳು. ನನ್ನ ಹೆಂಡತಿಯನ್ನು ನಾನು ಆ ಕ್ಷಣ ಪ್ರೀತಿಸಿದಷ್ಟು ಮದುವೆಯ ದಿನವೂ ಪ್ರೀತಿಸಿರಲಿಲ್ಲ. ಆಗ ಪರಿಚಯವೇ ಇರಲಿಲ್ಲ ಅನ್ನಿ.

ಟ್ರೆಕ್ ರದ್ದು ಮಾಡಲು ಇಮ್ಯಾನುಯೆಲ್‌ಗೆ ಕಾಲ್ ಮಾಡಿದೆ. ಅವನು ಅವಳೊಂದಿಗೇ ಮಾತಾಡಬೇಕೆಂದ. ಇವಳು ಕಾಲಿನ ಕಥೆ ಹೇಳಿದಳು, ಕತ್ತಲೆಯ ವಿಷಯ ಹೇಳಿದಳು. ಅವನು ಕಣ್ಣೇ ಕಾಣದವರನ್ನು ಮೇಲಕ್ಕೆ ಕರೆದೊಯ್ದಿದ್ದೇನೆ ಎಂದ. ಅವರು ಅವನ ಬ್ಯಾಗ್ ಹಿಡಿದು ಹಿಂದೆ ನಡೆದರಂತೆ. ಕತ್ತಲೆಗೆ ಉಪಾಯವಿದೆ, ಆದರೆ ಇನ್ನೂ ಕಾಯಿಲೆಯಲ್ಲಿರುವ ಕಾಲನ್ನು ನಾನು ಒಯ್ಯುವುದಿಲ್ಲ, ಅದು ವಾಸಿಯಾದ ಮೇಲೆ ಕಾಲ್ ಮಾಡಿ, ನಾನು ಇಲ್ಲೇ ಇರುತ್ತೇನೆ ಎಂದ.

"ನೀವು ಹೋಗ್ಬನ್ನಿ ಬೇಕಾದ್ರೆ," ಎಂದಳು ವನಜ ನನಗೆ, ಲ್ಯಾಪ್‌ಟಾಪ್ ಮುಚ್ಚುತ್ತ.

"ನಿನ್ನ ಬೆಟ್ಟಕ್ಕೆ ನಾನ್ಯಾಕೆ ಹೋಗ್ಲಿ?"

ಆ ದಿನ ಅವಳು ಅತ್ತಳು. ಕಾಯಿಲೆ ಶುರುವಾದ ಮೇಲೆ ಮೊದಲ ಸಲ.

ಬೇಸಿಗೆ ಕಳೆಯಿತು. ಮರಳಿದ್ದು ತುಸು ತುಸುವೇ. ಮೊದಲು ಕಾಲ್ಬೆರಳುಗಳಲ್ಲಿ ಉರಿ, ನರ ಎಚ್ಚರವಾಗುವಾಗ ಹಾಗಾಗಬಹುದು ಎಂದರು. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯ ಟೈಲ್ಸ್ ತಣ್ಣಗಿದೆ ಎಂದು ಕೂಗಿಕೊಂಡಳು. ನಾವು ಮೂವರೂ ಬರಿಗಾಲಲ್ಲಿ ಅಲ್ಲಿ ನಿಂತು ಹೌದು ಹೌದು ಎಂದೆವು. ಫೀನಿಕ್ಸ್ ಪಾರ್ಕಿನಲ್ಲಿ ಹಗಲು ನಡಿಗೆ ಶುರುವಾಯಿತು. ಮೊದಮೊದಲು ಕೋಲು ಹಿಡಿದು, ಆಮೇಲೆ ನನ್ನ ತೋಳು ಹಿಡಿದು. ಅಲ್ಲಿನ ಜಿಂಕೆಗಳು ನಮ್ಮ ವೇಗ ನೋಡಿ ಓಡುವ ಗೋಜಿಗೂ ಹೋಗುತ್ತಿರಲಿಲ್ಲ. ಎಡಗಾಲಿನ ಹೆಬ್ಬೆರಳು ಇನ್ನೂ ಪೂರ್ತಿ ಅವಳದಾಗಿಲ್ಲ. ಆಗದೆಯೂ ಇರಬಹುದು. ಇಂಜೆಕ್ಷನ್ ಜೀವಮಾನದುದ್ದಕ್ಕೂ. ಸಿಕ್ಕಿದ್ದು ಸಣ್ಣದಲ್ಲ ಎಂದು ನಾನು ದಿನಾ ಹೇಳಿಕೊಳ್ಳುತ್ತೇನೆ. ಇನ್ನೊಂದಿಷ್ಟು ತಿಂಗಳು ಬೂಟನ್ನೇ ಬೈಯುತ್ತ ಕೂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಧೈರ್ಯವಿಲ್ಲ.

ಇದು ಹೋದ ವಾರದ ಮಾತು. ನವೆಂಬರಿನಲ್ಲಿ ಇಲ್ಲಿ ಐದು ಗಂಟೆಗೆ ಗಾಢ ಕತ್ತಲೆ. ಅಂಗಡಿಯಿಂದ ಇಬ್ಬರೂ ವಾಪಸು ಬರುತ್ತಿದ್ದೆವು. ಮನೆಗೆ ಹತ್ತಿರದ ದಾರಿ ಎರಡು ಸಾಲು ಹಿತ್ತಿಲ ಗೋಡೆಗಳ ನಡುವಿನ ಓಣಿ. ಅಲ್ಲಿ ಬೀದಿದೀಪವಿಲ್ಲ. ಕಾಯಿಲೆಯಾದ ಮೇಲೆ ಆ ಓಣಿ ಬಿಟ್ಟು ಸುತ್ತಿ ಹೋಗುತ್ತಿದ್ದೆವು. ಆ ದಿನ ವನಜ ಅದರ ಬಾಯಲ್ಲಿ ನಿಂತಳು.

"ಇಲ್ಲೇ ಹೋಗೋಣ."

ನಾನು ಫೋನಿನ ಬೆಳಕು ಹಾಕಿ ಅವಳ ಪಾದದ ಮುಂದೆ ಹಿಡಿದೆ.

"ಆಫ್ ಮಾಡಿ," ಎಂದಳು.

"ವನಜಾ, ಬೇಡ."

"ಆಫ್ ಮಾಡಿ ರೀ."

ಆರಿಸಿದೆ. ಅವಳು ನನ್ನ ತೋಳಿನಿಂದ ಕೈ ತೆಗೆದಳು. ನಾನು ನಿಂತಲ್ಲೇ ನಿಂತೆ. ಕಾಣುತ್ತಿರಲಿಲ್ಲ, ಬರೀ ಹೆಜ್ಜೆಯ ಸದ್ದು. ನಿಧಾನ. ಒಂದು ಕಡೆ ಸದ್ದು ನಿಂತಿತು, ಅಂಗೈ ಗೋಡೆಗೆ ತಾಗಿದ್ದು ಕೇಳಿಸಿತು. ಮತ್ತೆ ಹೆಜ್ಜೆ. ಮತ್ತೊಂದು. ಸದ್ದು ದೂರವಾಗುತ್ತಾ ಹೋಯಿತು. ಕೊನೆಗೆ ಓಣಿಯ ಆ ತುದಿಯಲ್ಲಿ, ರಸ್ತೆಯ ಬೆಳಕಿನಲ್ಲಿ, ಅವಳ ಆಕಾರ ಮೂಡಿತು. ನೆಟ್ಟಗೆ ನಿಂತಿತ್ತು.

ನಾನು ಹೊರಟೆ. ಕಣ್ಣು ತುಂಬಿಕೊಂಡು ಏನೂ ಕಾಣಲಿಲ್ಲ. ಎರಡು ಹೆಜ್ಜೆಗೆ ಯಾರದೋ ಕಸದ ಡಬ್ಬಿಗೆ ಡಿಕ್ಕಿ ಹೊಡೆದೆ.

"ನಿಧಾನವಾಗಿ ಬನ್ನಿ," ಎಂದಳು ಆ ತುದಿಯಿಂದ. "ನಾನು ನಿಂತಿರ್ತೀನಿ."