ಗೌರಿಗೆ ಹಾಕಿದ ಅನ್ನ

ಸಾವಿತ್ರಿಯ ಹಸುವನ್ನು ಕೊಂದವಳು ನಾನು. ಮಾದೇವಕ್ಕ ಅಲ್ಲ.

ಇಷ್ಟು ಹೇಳಲಿಕ್ಕೆ ನನಗೆ ಹತ್ತು ವರ್ಷದ ಹತ್ತಿರ ಹಿಡಿಯಿತು. ಅಷ್ಟೂ ವರ್ಷ ಮಾವಳ್ಳಿಯ ನಮ್ಮ ಕೇರಿಯ ಜನ ಬೇರೆಯದನ್ನೇ ನಂಬಿಕೊಂಡು ಬಂದರು. ನಂಬಿಸಿದವಳೂ ನಾನೇ. ಬೇಕೆಂದು ಕೊಂದದ್ದಲ್ಲ — ಆದರೆ ಹಾಗೆಂದ ಕೂಡಲೇ ಅದು ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮದು ಒಂದೇ ಬಾವಿಯ ಮೂರು ಮನೆ. ಒಂದು ನನ್ನದು. ಇನ್ನೊಂದು ಸಾವಿತ್ರಿಯದು, ಅವಳ ಗಂಡ ಭಟ್ಕಳ ಬಂದರಿನಿಂದ ಬೋಟಿಗೆ ಹೋಗುವವನು, ತಿಂಗಳಲ್ಲಿ ಹೆಚ್ಚು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಮೂರನೆಯದು ಮಾದೇವಕ್ಕನದು. ಅವಳು ಸಾವಿತ್ರಿಗೆ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಗಂಡ ಸತ್ತ ಮೇಲೆ ಹಿತ್ತಲಲ್ಲಿ ಹರಿವೆ, ಬಸಳೆ, ಅಲಸಂದೆ ಬೆಳೆದು ಮುರುಡೇಶ್ವರದ ಪೇಟೆಗೆ ಬುಟ್ಟಿ ಹೊತ್ತು ಹೋಗಿ ಮಾರುತ್ತಿದ್ದಳು. ಅವಳ ಕೈಯಲ್ಲಿ ನೆಟ್ಟದ್ದು ಸತ್ತದ್ದಿಲ್ಲ ಅಂತ ಹೇಳುತ್ತಿದ್ದರು.

ಮೂರು ಮನೆಯಲ್ಲಿ ಏನೂ ಹಾಳಾಗುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ಬಾಳೆಕಾಯಿ ಸಿಪ್ಪೆ — ಎಲ್ಲ ಸೇರಿ ಅಕ್ಕಚ್ಚಾಗಿ ಸಾವಿತ್ರಿಯ ಹಸು ಗೌರಿಯ ಬಾನಿಗೆ ಹೋಗುತ್ತಿತ್ತು. ಗೌರಿಯ ಸಗಣಿ ನಮ್ಮ ತೊಂಡೆ ಚಪ್ಪರದ ಬುಡಕ್ಕೆ ಬರುತ್ತಿತ್ತು. ಮೀನು ತೊಳೆದ ನೀರು ತೆಂಗಿಗೆ. ಬೀಜವೆಲ್ಲ ಮಾದೇವಕ್ಕನದು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಿಂತರೆ ಇದೇ ಮಾತು — ನಿನ್ನೆಯ ಸಾರು ಉಳಿದದ್ದಕ್ಕೆ ಎಂತ ಮಾಡಿದೆ, ಬೆಂಡೆಗೆ ಹುಳ ಬಂತು, ಬೂದಿ ಹಾಕು, ಬೂದಿಗೆ ಬಗ್ಗೂದಿಲ್ಲ ಮಾರಾಯ್ತಿ.

ಆ ವರ್ಷ ಇಬ್ಬರು ಓರಗಿತ್ತಿಯರ ನಡುವೆ ಸ್ವಲ್ಪ ಬಿಸಿ ಇತ್ತು. ಗೌರಿ ಒಂದು ಮಧ್ಯಾಹ್ನ ಬೇಲಿ ದೂಡಿಕೊಂಡು ಹೋಗಿ ಮಾದೇವಕ್ಕನ ಅಲಸಂದೆ ಸಾಲು ಮೇಯ್ದಿತ್ತು. ಮಾದೇವಕ್ಕ ಅಂಗಳದಲ್ಲಿ ನಿಂತು ಕೂಗಿದ್ದಳು, "ಇನ್ನೊಂದ್ಸಲ ಬರ್ಲಿ ನಿನ್ನ ದನ. ನಾನೇ ನೋಡ್ಕೊಳ್ತೆ." ಹಿತ್ತಲು ಹಾಳಾದ ಹೆಂಗಸು ಕೋಪದಲ್ಲಿ ಆಡುವ ಮಾತು. ನಾಲ್ಕು ದಿನಕ್ಕೆ ಮರೆತೂ ಹೋಗುತ್ತಿತ್ತು — ಬೇರೆ ಏನೂ ಆಗದೇ ಇದ್ದಿದ್ದರೆ.

ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಅಕ್ಕಿ ಅಳೆಯುವಾಗ ನನ್ನ ಅತ್ತೆ ಹೇಳಿದ್ದರು, "ಅಷ್ಟು ಎಂತಕ್ಕೆ? ಮಳೆ ಹಿಡಿದ್ರೆ ಜನ ಬರೂದಿಲ್ಲ." ನಾನು ಕೇಳಲಿಲ್ಲ. ಊಟ ಕಡಿಮೆ ಬಿತ್ತು ಅಂತ ಯಾರೂ ಹೇಳಬಾರದು ಎಂಬ ಹಟ ನನಗೆ. ಮಳೆ ಹಿಡಿಯಿತು. ಜನ ಬರಲಿಲ್ಲ. ಅನ್ನ ದೊಡ್ಡ ಪಾತ್ರೆಯ ಅರ್ಧಕ್ಕೂ ಹೆಚ್ಚು ಉಳಿಯಿತು, ಮೇಲೆ ಪಾಯಸ ಬೇರೆ.

ಸಾವಿತ್ರಿ ಆ ದಿನ ಧಾರೇಶ್ವರದ ತವರಿಗೆ ಹೋಗಿದ್ದಳು. ಹೋಗುವಾಗ ನನ್ನ ಹತ್ತಿರವೇ ಹೇಳಿ ಹೋಗಿದ್ದಳು, "ಶಾರದಕ್ಕ, ಗೌರಿಗೆ ಒಂಚೂರು ಹುಲ್ಲು, ಅಕ್ಕಚ್ಚು ಕೊಡಿ. ಪೂಜೆ ಅನ್ನ ಉಳಿದ್ರೆ ಜಾಸ್ತಿ ಹಾಕ್ಬೇಡಿ, ಹೊಟ್ಟೆ ಉಬ್ತದೆ." ಅಂದರೆ ನನಗೆ ಗೊತ್ತಿರಲಿಲ್ಲ ಎನ್ನುವ ದಾರಿಯೂ ಇಲ್ಲ. ಅವಳು ಹೇಳಿದ್ದಳು. ನಾನು "ಆತು, ನೀ ಹೋಗು" ಎಂದಿದ್ದೆ.

ಅತ್ತೆ ಊಟ ಮಾಡಿ ಮಲಗಿದ್ದರು. ಅವರು ಎದ್ದು ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಅದು ಖಾಲಿಯಾಗಬೇಕಿತ್ತು. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಅಷ್ಟು ಸಣ್ಣ ಕಾರಣ — ಒಂದು ಮಾತು ಕೇಳಿಸಿಕೊಳ್ಳುವುದು ತಪ್ಪಬೇಕು. ಪಾತ್ರೆ ಎತ್ತಿಕೊಂಡು ಹೋಗಿ ಅನ್ನ, ಪಾಯಸ ಎಲ್ಲ ಗೌರಿಯ ಬಾನಿಗೆ ಸುರಿದೆ. ಅದು ತಲೆಯೆತ್ತದೆ ತಿಂದಿತು. ನಾನು ಅದರ ಬೆನ್ನು ಸವರಿ ಬಂದೆ. ಪುಣ್ಯದ ಕೆಲಸ ಮಾಡಿದೆ ಅಂತಲೂ ಅನ್ನಿಸಿತು.

ಸಂಜೆ ಸಾವಿತ್ರಿ ಬಂದಾಗ ಹಸು ಮಂಕಾಗಿ ನಿಂತಿತ್ತು. ಬೆಳಗಾಗುವಾಗ ಮಲಗಿದ್ದು ಏಳಲಿಲ್ಲ. ಎಡಗಡೆ ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು, ಹಲ್ಲು ಕಡಿಯುತ್ತಿತ್ತು. ನಾನು ಓಡಿ ಹೋಗಿ ಮೊದಲು ನೋಡಿದ್ದು ಬಾನಿಯನ್ನು. ತಳದಲ್ಲಿ ಅನ್ನದ ಅಗಳು ಅಂಟಿಕೊಂಡಿತ್ತು. ಸಾವಿತ್ರಿ ಫೋನು ಮಾಡಲಿಕ್ಕೆ ಒಳಗೆ ಹೋದಾಗ ಬಾನಿ ತೊಳೆದೆ. ಅಗಳನ್ನೆಲ್ಲ ಬಳಿದು ನಮ್ಮ ಗೊಬ್ಬರಗುಂಡಿಗೆ ಹಾಕಿ, ಮೇಲೆ ಒಣಗಿದ ಎಲೆ ಮುಚ್ಚಿದೆ. ಕಾಗೆ ಬಂದು ಕೆದಕಿದವು. ಓಡಿಸಿದೆ, ಮತ್ತೆ ಬಂದವು. ಯಾರಾದರೂ ಈ ಕಾಗೆಗಳನ್ನು ನೋಡಿ ಇಲ್ಲೇನಿದೆ ಎಂದು ಬಂದಾರು — ಜೀವ ಹೋಗುತ್ತಿರುವ ಹಸು ಅಲ್ಲಿ, ನನ್ನ ಚಿಂತೆ ಕಾಗೆಗಳದ್ದು.

ದನದ ಡಾಕ್ಟ್ರು ಬಂದರು. ಹೊಟ್ಟೆ ಒತ್ತಿ ನೋಡಿ ಕೇಳಿದರು, "ನಿನ್ನೆ ಇದಕ್ಕೆ ಯಾರು ಹಾಕಿದ್ದು?"

"ನಾನು," ಎಂದೆ.

"ಅನ್ನಗಿನ್ನ ಜಾಸ್ತಿ ಹಾಕಿದ್ರಾ? ಸರಿಯಾಗಿ ಹೇಳಿ. ಹಾಕಿದ್ರೆ ಅದಕ್ಕೆ ಬೇರೆ ಔಷಧಿ."

ಸಾವಿತ್ರಿ ನನ್ನ ಮುಖ ನೋಡುತ್ತಿದ್ದಳು. ಜಗಲಿಯ ತುದಿಯಲ್ಲಿ ಅತ್ತೆ ನಿಂತಿದ್ದರು.

"ಇಲ್ಲ ಡಾಕ್ಟ್ರೆ. ದಿನಾ ಕೊಡುವ ಅಕ್ಕಚ್ಚೇ."

ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿಲ್ಲ. ಅನ್ನ ಸುರಿದದ್ದು ತಿಳಿಗೇಡಿತನ ಎಂದಾದರೂ ಹೇಳಬಹುದು. ಇದು ಹಾಗಲ್ಲ. ಆಗ ನಿಜ ಹೇಳಿದ್ದರೆ ಗೌರಿ ಉಳಿಯುತ್ತಿತ್ತೋ ಏನೋ. ಉಳಿಯುತ್ತಿರಲಿಲ್ಲವೋ ಏನೋ. ಆ ಪ್ರಶ್ನೆಯ ಉತ್ತರವನ್ನು ನನ್ನ ಬಾಯಿಯೇ ಮುಚ್ಚಿಹಾಕಿತು.

"ಹಾಗಾದ್ರೆ ಎಂತದೋ ವಿಷದ್ದು ಮೇಯ್ದಿರಬೇಕು," ಎಂದರು ಅವರು. ವಿಷಕ್ಕೆ ಕೊಡುವ ಔಷಧಿಯನ್ನೇ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗೌರಿ ಸತ್ತಿತು.

ವಿಷ ಎಂಬ ಮಾತು ಒಮ್ಮೆ ಅಂಗಳಕ್ಕೆ ಬಿದ್ದ ಮೇಲೆ ಹಾಕಿದವರು ಯಾರು ಎಂಬ ಮಾತು ತಾನಾಗಿ ಎದ್ದಿತು. ಹಸುವನ್ನು ಮಣ್ಣು ಮಾಡಿ ಬಂದ ಮೇಲೆ ಬಾವಿಕಟ್ಟೆಯಲ್ಲಿ ಕೇರಿಯ ಹೆಂಗಸರು ಸೇರಿದ್ದರು. ಸಾವಿತ್ರಿ ಕೇಳಿದಳು, "ಶಾರದಕ್ಕ, ನಿನ್ನೆ ಕೊಟ್ಟಿಗೆ ಕಡೆ ಯಾರಾದ್ರೂ ಬಂದಿದ್ರಾ?"

ನಾನು ಹೇಳಿದೆ: "ಮಾದೇವಕ್ಕ ಹೊಗೆಸೊಪ್ಪಿನ ನೀರು ಹಿಡ್ಕಂಡು ಹೋಗಿದ್ದು ಕಂಡಿದ್ದೆ."

ಸುಳ್ಳಲ್ಲ. ಅದೇ ನೋಡಿ — ಸುಳ್ಳಲ್ಲ. ಅಲಸಂದೆಗೆ ಹೇನು ಹತ್ತಿದಾಗ ಅದು ಸಾಯಲೆಂದು ಮಾದೇವಕ್ಕ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುತ್ತಿದ್ದಳು. ಅವಳ ಅಲಸಂದೆ ಸಾಲು ಕೊಟ್ಟಿಗೆಯ ಹಿಂದೆಯೇ ಇತ್ತು. ಪೂಜೆಯ ದಿನ ಬೆಳಿಗ್ಗೆ, ಮಳೆ ಶುರುವಾಗುವ ಮೊದಲು ಹೋಗಿದ್ದಳು, ಕೊಟ್ಟಿಗೆಯೊಳಗೆ ಕಾಲಿಡದೆ ವಾಪಸು ಬಂದಿದ್ದಳು. ಬಂದದ್ದನ್ನೂ ನಾನು ಕಂಡಿದ್ದೆ. ಅದನ್ನು ಹೇಳಲಿಲ್ಲ.

ಒಬ್ಬೊಬ್ಬರೇ ತಿರುಗಿ ಮಾದೇವಕ್ಕನ ಮನೆ ಕಡೆ ನೋಡಿದರು. ವಿಷದ ಮಾತು ಅವಳಿಗೆ ಅಲ್ಲಿಂದಲೇ ಕೇಳಿಸಿರಬೇಕು. ಬಂದು ನಿಂತು, "ನಾ ಹಾಕ್ಲಿಲ್ಲ. ಹಾಕ್ದವ್ರಿಗೆ ಗೊತ್ತು," ಎಂದಳು. ಹಾಗೆನ್ನುವಾಗ ಅವಳ ಕಣ್ಣು ನನ್ನ ಮೇಲಿತ್ತು. ನನ್ನ ಮೇಲೆಯೇ ಇತ್ತು ಅಂತ ನನಗೆ ಅನ್ನಿಸಿತು.

ಅಲ್ಲಿಂದ ಮುಂದೆ ನಮ್ಮ ಕೇರಿ ಬೇರೆಯಾಯಿತು. ಸಾವಿತ್ರಿಯ ಮಕ್ಕಳು ದೊಡ್ಡಮ್ಮನ ಮನೆಗೆ ಹೋಗುವುದು ನಿಂತಿತು. ಎರಡು ಮನೆಗಳ ನಡುವೆ ಕಲ್ಲಿನ ಪಾಗಾರ ಎದ್ದಿತು. ಮಾದೇವಕ್ಕ ಕೊಟ್ಟ ಹರಿವೆಯನ್ನು ಹೆಂಗಸರು ನಗುತ್ತಲೇ ತೆಗೆದುಕೊಂಡು, ಅವಳು ಆಚೆ ಹೋದ ಕೂಡಲೇ ತಿಪ್ಪೆಗೆ ಎಸೆಯುತ್ತಿದ್ದರು. ನಾನೂ ಎಸೆದೆ — ತಿಂದರೆ ಉಳಿದವರಿಗೆ ಸಂಶಯ ಬಂದೀತು ಅಂತ. ಪೇಟೆಗೂ ಸುದ್ದಿ ಹೋಯಿತು. ಅವಳ ಬುಟ್ಟಿ ತುಂಬಿದ ಹಾಗೇ ತಿರುಗಿ ಬರತೊಡಗಿತು.

ಆದರೆ ಎಲ್ಲರಿಗಿಂತ ಹೆಚ್ಚು ಸಂಶಯ ತಿಂದದ್ದು ನನ್ನನ್ನು. ಮಾದೇವಕ್ಕ ನನ್ನನ್ನು ಪಾತ್ರೆಯ ಸಮೇತ ಕಂಡಿದ್ದಳೇ? ಕಂಡೂ ಸುಮ್ಮನಿದ್ದಾಳೆಯೇ? ಯಾವಾಗ ಹೇಳುತ್ತಾಳೆ? ಅವಳು ಕೆಮ್ಮಿದರೆ ನನ್ನನ್ನೇ ಕರೆದಂತೆ ಬೆಚ್ಚುತ್ತಿದ್ದೆ. ಅವಳು ಯಾರ ಹತ್ತಿರವಾದರೂ ಎರಡು ಮಾತಾಡಿದರೆ ಏನಾದರೂ ನೆಪ ಮಾಡಿ ಅಲ್ಲಿಗೆ ಹೋಗುತ್ತಿದ್ದೆ. ಅತ್ತೆ "ಆ ದಿನದ ಅನ್ನ ಎಂತ ಮಾಡಿದೆಯೇ?" ಎಂದು ಒಮ್ಮೆ ಕೇಳಿದರು. "ಕೆಲಸದವರಿಗೆ ಕೊಟ್ಟೆ" ಎಂದೆ. ಅವರು ಮತ್ತೆ ಕೇಳಲಿಲ್ಲ. ಮತ್ತೆ ಯಾಕೆ ಕೇಳಲಿಲ್ಲ — ಅದೂ ನನಗೆ ಸಂಶಯವೇ. ಅವರು ತೀರಿಕೊಳ್ಳುವವರೆಗೂ ಅವರ ಮುಖ ಓದುತ್ತಲೇ ಇದ್ದೆ.

ಎರಡು ಮಳೆಗಾಲ ಕಳೆದ ಮೇಲೆ ಮಾದೇವಕ್ಕ ಮನೆಗೆ ಬೀಗ ಹಾಕಿ ಹೊನ್ನಾವರದ ಮಗಳ ಮನೆಗೆ ಹೋದಳು. ಅವಳು ರಿಕ್ಷಾ ಹತ್ತುವುದನ್ನು ನಾನು ಕಿಟಕಿಯಿಂದ ನೋಡಿದೆ. ಆ ದಿನ ನನಗೆ ಹಗುರವಾಯಿತು. ಇದನ್ನೂ ಬರೆಯಬೇಕು, ಅದಕ್ಕೇ ಬರೆಯುತ್ತಿದ್ದೇನೆ — ಹಗುರವಾಯಿತು.

ಈಗ ನಮ್ಮ ಕಡೆಯ ಹೆಂಗಸರದ್ದು ಒಂದು ವಾಟ್ಸಾಪ್ ಗುಂಪಿದೆ. ಹೆಬಳೆ, ಮಾವಳ್ಳಿ, ಆಚೆ ಕುಮಟಾದವರೆಗಿನವರು ಇದ್ದಾರೆ. ಬೀಜ ಬೇಕಾ, ಮೊಗ್ಗು ಉದುರುತ್ತದೆ ಎಂತ ಮಾಡೂದು, ಉಳಿದ ಇಡ್ಲಿಗೆ ಒಗ್ಗರಣೆ ಹೇಗೆ — ಬಾವಿಕಟ್ಟೆಯ ಮಾತೇ ಫೋನಿಗೆ ಬಂದಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಒಬ್ಬಳು ಕೇಳಿದಳು: ಮದುವೆ ಅನ್ನ ತುಂಬಾ ಉಳಿದಿದೆ, ದನಕ್ಕೆ ಹಾಕಬಹುದಾ? "ಬೇಡ, ಹಾಕಬೇಡ, ಸಾಯ್ತದೆ" ಎಂದು ಬರೆದು ಕಳಿಸಿಬಿಟ್ಟೆ. ಕೂಡಲೇ ಅವಳು ಕೇಳಿದಳು: "ನಿಮಗೆ ಹೆಂಗೆ ಗೊತ್ತು ಅಕ್ಕಾ?"

ಆ ಗುಂಪಿನಲ್ಲಿ ಸಾವಿತ್ರಿಯೂ ಇದ್ದಾಳೆ.

ಉತ್ತರ ಬರೆಯಲಿಲ್ಲ. ಸಾವಿತ್ರಿ ಓದಿದಳೇ ಇಲ್ಲವೇ ಎಂದು ಆ ದಿನವೆಲ್ಲ ಫೋನು ತೆಗೆದು ತೆಗೆದು ನೋಡಿದೆ. ಮತ್ತೆ ಅದೇ ಕಳ್ಳ ಬುದ್ಧಿ. ಅದರ ಮೇಲೇ ನನಗೆ ಹೇಸಿಗೆ ಹುಟ್ಟಿತು. ಮರುದಿನ ಹೊನ್ನಾವರದ ಬಸ್ಸು ಹತ್ತಿದೆ.

ಮಾದೇವಕ್ಕ ಮಗಳ ಮನೆಯ ತಾರಸಿಯ ಮೇಲೆ ಇದ್ದಳು. ಖಾಲಿ ಬಣ್ಣದ ಡಬ್ಬಗಳಲ್ಲಿ ಮೆಣಸು, ಬದನೆ ಬೆಳೆಸಿದ್ದಳು. ಬೆನ್ನು ಬಾಗಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ — ಅನ್ನ, ಪಾಯಸ, ಬಾನಿ ತೊಳೆದದ್ದು, ಡಾಕ್ಟ್ರಿಗೆ ಹೇಳಿದ್ದು, ಬಾವಿಕಟ್ಟೆಯಲ್ಲಿ ಹೇಳಿದ್ದು. ಅವಳು ಮಣ್ಣು ಕೆದಕುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ನಿಮಗೆ ನನ್ನ ಮೇಲೆ ಸಂಶಯ ಇತ್ತಲ್ಲ ಮಾದೇವಕ್ಕ?" ಎಂದೆ.

"ನಿನ್ನ ಮೇಲಾ?" ಅವಳು ನನ್ನನ್ನೇ ನೋಡಿದಳು. "ಇಲ್ಲ. ನನಗೆ ಸಾವಿತ್ರಿ ಮೇಲೆ ಇತ್ತು. ನನ್ನ ಹಿತ್ತಲ ಜಾಗದ ಆಸೆಗೆ ನನ್ನ ಓಡ್ಸೂಕೆ ಕತೆ ಕಟ್ಟದ್ಲು ಅಂತ. ಇಷ್ಟು ವರ್ಷ ಅವಳಿಗೇ ಶಾಪ ಹಾಕ್ದೆ."

ನಾನು ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ನಾ ಹಾಕ್ಲಿಲ್ಲ ಅಂತ ನನಗೆ ಗೊತ್ತೇ ಇತ್ತು ಶಾರದಾ. ಅದ ಹೇಳೂಕೆ ನೀ ಇಷ್ಟು ದೂರ ಬರೂದು ಬೇಕಿತ್ತಾ? ಗೊತ್ತಿಲ್ದವ್ರ ಹತ್ರ ಹೋಗಿ ಹೇಳು."

ಅವಳ ಮಾತು ಸರಿ. ಮನೆಯ ಪಕ್ಕದಲ್ಲೇ ಇರುವ ಸಾವಿತ್ರಿಯನ್ನು ಬಿಟ್ಟು ದೂರದ ಮುದುಕಿಯ ಹತ್ತಿರ ಮೊದಲು ಓಡಿದ್ದು, ಕ್ಷಮೆ ಅಲ್ಲಿ ಸುಲಭಕ್ಕೆ ಸಿಕ್ಕೀತು ಅಂತ. ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಸಾವಿತ್ರಿಯ ಅಂಗಳಕ್ಕೆ ಹೋದೆ.

ಅವಳು ಮೀನು ಸಾರಿಗೆ ಕಾಯಿ ತುರಿಯುತ್ತಿದ್ದಳು. ನಾನು ಹೇಳಿ ಮುಗಿಸುವಷ್ಟರಲ್ಲಿ ಈಳಿಗೆಮಣೆಯಿಂದ ಎದ್ದು ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಮಣ್ಣು ಮಾಡುವಾಗ ನೀವು ನನ್ನ ತಬ್ಕಂಡು ಅತ್ತಿದ್ರಿ," ಎಂದಳು. "ಅದೂ ಸುಳ್ಳಾ?"

"ಇಲ್ಲ ಸಾವಿತ್ರಿ. ಅದು ನಿಜ."

ಅವಳು ನನ್ನ ಮುಖ ನೋಡಿದಳು. ನಂಬಲಿಲ್ಲ. ನಂಬಲಿ ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. "ನೀವಿನ್ನು ಹೋಗಿ," ಎಂದಳು.

ಆ ವಾರದಲ್ಲಿ ಅವಳು ಹೊನ್ನಾವರಕ್ಕೆ ಹೋಗಿ ಬಂದಳು ಎಂದು ಕೇಳಿದೆ. ಓರಗಿತ್ತಿಯರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ. ಮಾದೇವಕ್ಕ ತಿರುಗಿ ಬಂದಿಲ್ಲ. ಸಾವಿತ್ರಿ ನನ್ನ ಕಂಡರೆ ಕೊಡಪಾನ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಆ ದಿನ ಬಾವಿಕಟ್ಟೆಯಲ್ಲಿ ನನ್ನ ಮಾತು ಕೇಳಿದವರ ಮನೆಗೆ ಈಗ ಒಂದೊಂದಾಗಿ ಹೋಗುತ್ತಿದ್ದೇನೆ. ಕೆಲವರು ಕುಳಿತುಕೊಳ್ಳಿ ಎನ್ನುವುದಿಲ್ಲ. ಒಬ್ಬರು ಕೈ ಹಿಡಿದು, "ಹಳೇ ಕತೆ, ಈಗ ಎಂತಕ್ಕೆ? ಬಿಡೆ ಅತ್ಲಾಗೆ," ಎಂದರು. ಒಂದು ಕ್ಷಣ ಆಸೆಯಾಯಿತು, ಬಿಟ್ಟುಬಿಡಲೇ ಅಂತ. ಆದರೆ ಅವರು ಈಗಲೂ ಮಾದೇವಕ್ಕನ ಹೆಸರು ಹೇಳುವಾಗ ದನಿ ತಗ್ಗಿಸಿದ್ದನ್ನು ಕೇಳಿದೆ.

"ಬಿಡೂಕೆ ಆಗೂದಿಲ್ಲ," ಎಂದೆ. "ಕೂತ್ಕಳಿ, ಮೊದಲಿಂದ ಹೇಳ್ತೆ."